ನಲವತ್ತೊಂದು ಫೋಟೋಗಳ ಅಪರಿಚಿತ

ನೀರು ಸರಬರಾಜು ಕಚೇರಿಯ ದಾಖಲೆ ಕೋಣೆಯಲ್ಲಿ ನಲವತ್ತು ಸಾವಿರ ಕಡತಗಳಿದ್ದವು. ಯಾವ ಕಡತ ಕೇಳಿದರೂ ಎರಡೇ ನಿಮಿಷದಲ್ಲಿ ತೆಗೆದು ಮೇಜಿನ ಮೇಲೆ ಇಡಬಲ್ಲ ಮನುಷ್ಯ ಇಡೀ ಇಲಾಖೆಯಲ್ಲಿ ಒಬ್ಬರೇ ಎಂದು ಹೆಸರಾಗಿತ್ತು. ಕೇಳುವವರು ವರ್ಷಕ್ಕೆ ಇಬ್ಬರೋ ಮೂವರೋ ಇದ್ದದ್ದರಿಂದ ಈ ಕೀರ್ತಿಗೆ ಅಲ್ಲಿಯವರೆಗೆ ಚ್ಯುತಿ ಬಂದಿರಲಿಲ್ಲ. ಅವರ ಹೆಂಡತಿಯ ತಮ್ಮ, ಕನ್ನಡಕದ ಅಂಗಡಿ ಇಟ್ಟವನು, ತಮಾಷೆಗೆ ಅವರನ್ನು ‘ಇಂಡೆಕ್ಸ್ ಭಾವ’ ಅಂದ. ಆ ಹೆಸರು ಮನೆಯಿಂದ ಬೀದಿಗೆ ಇಳಿಯಿತು. ವಯಸ್ಸಿನಲ್ಲಿ ಹಿರಿಯರಾದವರೂ ಭಾವ ಎಂದೇ ಕರೆಯತೊಡಗಿದರು. ಕೋಪ ಬಂದಾಗ ಹೆಂಡತಿ ಕೂಡ.

ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ನಡುಮನೆಯಲ್ಲಿ ಕಾಲು ಚಾಚಿ ಕೂತಿದ್ದಾಗ ಅತ್ತೆ ಒಂದು ಮಾತು ಎತ್ತಿದರು.

“ಅಳಿಯಂದಿರೇ, ಸಮುದ್ರದ ಹತ್ರ ನಾನು ನಗ್ತಾ ನಿಂತಿರೋ ಫೋಟೋ ಒಂದಿತ್ತಲ್ಲ, ಅದನ್ನ ಸ್ವಲ್ಪ ತೆಗೀರಿ. ಮುಂದಿನ ತಿಂಗಳು ನಂಗೆ ಎಪ್ಪತ್ತೈದು ತುಂಬುತ್ತೆ. ಕಟ್ಟು ಹಾಕಿಸ್ಬೇಕು.”

“ಒಂದೇ ನಿಮಿಷ” ಎಂದು ಇಂಡೆಕ್ಸ್ ಭಾವ ಕಂಪ್ಯೂಟರ್ ತೆರೆದರು.

ಮೊದಲು ಬಂದದ್ದು ಕರೆಂಟ್ ಮೀಟರಿನ ಫೋಟೋ. ಆಮೇಲೆ ಗ್ಯಾಸ್ ಒಲೆಯ ತಳ. ಅದರ ಬೆನ್ನಿಗೇ ಅವರ ಹೆಬ್ಬೆರಳು. ಹದಿನೇಳು ಸಲ, ಬೇರೆ ಬೇರೆ ಬೆಳಕಿನಲ್ಲಿ. ಹದಿನೆಂಟು ವರ್ಷಗಳಲ್ಲಿ ಮೂರು ಕ್ಯಾಮೆರಾ, ಐದು ಫೋನುಗಳಿಂದ ಸುರಿದಿಟ್ಟ ಒಂಬತ್ತು ಸಾವಿರ ಚಿತ್ರಗಳು ಅಲ್ಲಿ ‘ಹೊಸದು’, ‘ಹೊಸದು ಎರಡು’, ‘ನಿಜವಾಗಿ ಹೊಸದು’ ಎಂಬ ಹೆಸರುಗಳಡಿ ಒಂದರ ಮೇಲೊಂದು ಬಿದ್ದಿದ್ದವು. ನಲವತ್ತು ನಿಮಿಷ ಕಳೆಯಿತು. ಭಾಮೈದ ಒಂದು ನಿದ್ದೆ ತೆಗೆದು ಎದ್ದ. ಸಮುದ್ರ ಸಿಗಲಿಲ್ಲ.

“ಇರ್ಲಿ ಬಿಡಿ, ಪಾಪ” ಎಂದರು ಅತ್ತೆ, ಕರುಣೆಯಿಂದ. “ಕಚೇರೀಲಿ ಹೇಗೆ ಹುಡುಕಿ ಕೊಡ್ತೀರೋ, ಆ ನೀರಿನವರಿಗೇ ಗೊತ್ತು.”

ಬೈಗುಳವನ್ನು ಇಂಡೆಕ್ಸ್ ಭಾವ ತಡೆದುಕೊಂಡಾರು, ಕರುಣೆಯನ್ನಲ್ಲ. ಅವರು ಎದ್ದು ನಿಂತು, ಒಂದು ವಾರದಲ್ಲಿ ಅಷ್ಟೂ ಚಿತ್ರಗಳನ್ನು ವರ್ಷವಾರು, ಸ್ಥಳವಾರು, ವ್ಯಕ್ತಿವಾರು ವಿಂಗಡಿಸಿ ತೋರಿಸುವುದಾಗಿ ಘೋಷಿಸಿದರು. ಮರುದಿನವೇ ಕಚೇರಿಗೆ ರಜೆ ಹಾಕಿದರು. ಕಾರಣದ ಜಾಗದಲ್ಲಿ ‘ಕೌಟುಂಬಿಕ ದಾಖಲೆಗಳ ತುರ್ತು ಪುನರ್ವಿಂಗಡಣೆ’ ಎಂದು ಬರೆದದ್ದನ್ನು ಮೇಲಧಿಕಾರಿ ಎರಡು ಸಲ ಓದಿ, ಆಸ್ತಿ ಪಾಲಾಗುತ್ತಿರಬೇಕು ಎಂದು ಮರುಗಿ ಸಹಿ ಮಾಡಿದರು.

ಕಚೇರಿಯ ಟೈಪಿಸ್ಟ್ ಒಂದು ಸಾಫ್ಟ್‌ವೇರ್ ಹೇಳಿಕೊಟ್ಟಿದ್ದಳು. “ಅದು ಮುಖ ನೋಡಿ ತಾನೇ ಗುರುತು ಹಿಡಿಯುತ್ತೆ ಸಾರ್. ಇವರು ಯಾರು ಅಂತ ಒಂದ್ಸಲ ಹೇಳಿದ್ರೆ ಸಾಕು, ಮಿಕ್ಕ ಫೋಟೋಗಳಲ್ಲಿ ಅದೇ ಹುಡುಕ್ಕೊಳ್ಳುತ್ತೆ.”

ಹುಡುಕಿಕೊಂಡಿತು, ನಿಜ. ಆದರೆ ಅನುಮಾನ ಬಂದಾಗಲೆಲ್ಲ ಎರಡು ಮುಖಗಳನ್ನು ಅಕ್ಕಪಕ್ಕ ಇಟ್ಟು ‘ಇವರಿಬ್ಬರೂ ಒಬ್ಬರೇ?’ ಎಂದು ಕೇಳುತ್ತಿತ್ತು. ಭಾವ ಪ್ರತಿ ಪ್ರಶ್ನೆಗೂ ಕನ್ನಡಕ ಒರೆಸಿಕೊಂಡು, ಕುರ್ಚಿ ಮುಂದಕ್ಕೆ ಎಳೆದುಕೊಂಡು, ಸಾಕ್ಷಿ ಹೇಳುವವರ ಗಾಂಭೀರ್ಯದಲ್ಲಿ ಉತ್ತರ ಕೊಡುತ್ತಿದ್ದರು. ಎರಡನೆಯ ದಿನ ಅದು ಅವರ ಹೆಂಡತಿಯ ಮುಖವನ್ನೂ ಪಾರ್ಕಿನಲ್ಲಿರುವ ಕಲ್ಲಿನ ಸೇನಾಪತಿಯ ಮುಖವನ್ನೂ ಜೋಡಿಸಿ ಕೇಳಿದ ಹೊತ್ತಿಗೆ ಸರಿಯಾಗಿ ಹೆಂಡತಿ ಕಾಫಿ ತಂದರು.

“ಏನು ಯೋಚನೆ? ‘ಅಲ್ಲ’ ಅಂತ ಒತ್ತೋಕೆ ಇಷ್ಟು ಹೊತ್ತಾ?”

“ಮೂಗಿನ ಹತ್ರ ಸ್ವಲ್ಪ...”

“ಒತ್ತಿ!”

ಒತ್ತಿದರು. ಕಾಫಿ ಮಾತ್ರ ಬಂದ ದಾರಿಯಲ್ಲೇ ವಾಪಸ್ ಹೋಯಿತು.

ನಾಲ್ಕನೆಯ ದಿನ ಸಂಜೆ ಸಮುದ್ರ ಸಿಕ್ಕಿತು. ‘ನಿಜವಾಗಿ ಹೊಸದು’ ಎಂಬುದರೊಳಗೆ ಹದಿನಾರು ವರ್ಷ ಹಳೆಯ ಅತ್ತೆ ಮನೆಯವರ ಗುಂಪಿನಲ್ಲಿ ಬಾಯಿ ತುಂಬ ನಗುತ್ತಿದ್ದರು. ಇಂಡೆಕ್ಸ್ ಭಾವ ಗೆದ್ದ ಕುಸ್ತಿಪಟುವಿನಂತೆ ಅತ್ತೆಯನ್ನೂ ಹೆಂಡತಿಯನ್ನೂ ಕರೆದರು. ಭಾಮೈದ ಅಂಗಡಿ ಮುಚ್ಚಿ ಅದೇ ತಾನೇ ಬಂದಿದ್ದ, ಅವನೂ ಬಗ್ಗಿದ. ಅತ್ತೆ ಪರದೆಯ ಹತ್ತಿರ ಮುಖ ತಂದು ಬಹಳ ಹೊತ್ತು ನೋಡಿದರು.

“ನಾನು ಚೆನ್ನಾಗೇ ಬಂದಿದೀನಿ. ಇವನ್ಯಾರು?”

ಅತ್ತೆಯ ಎಡಗಡೆ, ಚಿತ್ರದ ಅಂಚಿನಲ್ಲಿ, ನೀಲಿ ಅಂಗಿಯ ಒಬ್ಬ ಮನುಷ್ಯ ನಿಂತಿದ್ದ. ತೆಳ್ಳನೆ ಮೀಸೆ, ಕೈಕಟ್ಟು, ಸಮುದ್ರದ ಕಡೆ ನೋಟ. ಭಾವ ಆ ಮುಖದ ಮೇಲೆ ಒತ್ತಿದರು. ಸಾಫ್ಟ್‌ವೇರ್ ಒಂದು ಕ್ಷಣ ಯೋಚಿಸಿ ಹೇಳಿತು: ‘ಹೆಸರಿಲ್ಲದ ವ್ಯಕ್ತಿ. ನಲವತ್ತೊಂದು ಚಿತ್ರಗಳು.’

ಸಮುದ್ರದಲ್ಲಿದ್ದ. ಜಲಪಾತದಲ್ಲಿದ್ದ. ಭಾಮೈದನ ಮದುವೆಯ ಹಾಲಿನ ಗೇಟಿನ ಬಳಿ ಇದ್ದ. ಅತ್ತೆಯ ಮೊಣಕಾಲಿನ ಆಪರೇಷನ್ ಮುಗಿದು ಆಸ್ಪತ್ರೆಯ ಮೆಟ್ಟಿಲ ಮೇಲೆ ಎಲ್ಲರೂ ನಿಂತು ತೆಗೆಸಿಕೊಂಡ ಫೋಟೋದಲ್ಲೂ, ಎಡಗಡೆ, ಎರಡು ಮಾರು ದೂರದಲ್ಲಿ ಇದ್ದ. ಹದಿನೆಂಟು ವರ್ಷಗಳಲ್ಲಿ ಅವನ ಮೀಸೆ ಬೆಳ್ಳಗಾಗಿತ್ತು, ಹಣೆ ಅಗಲವಾಗಿತ್ತು, ಕುಟುಂಬದ ಜೊತೆ ಜೊತೆಗೇ ಅವನಿಗೂ ವಯಸ್ಸಾಗಿತ್ತು.

“ನಲವತ್ತೊಂದಾ?” ಎಂದ ಭಾಮೈದ. “ನಂದು ಎಷ್ಟಿದೆ ಭಾವ?”

“ಮೂವತ್ತೆಂಟು.”

“ನನ್ನ ಮನೆಯವರ ಫೋಟೋದಲ್ಲಿ ನನಗಿಂತ ಜಾಸ್ತಿ ಅವನು!”

ನಿಜ ಸಂಗತಿಯೆಂದರೆ ಕಣ್ಣು ಮುಚ್ಚಿದ ಮುಖಗಳನ್ನು ಆ ಸಾಫ್ಟ್‌ವೇರ್ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಊರಿಗೆಲ್ಲ ಕಣ್ಣು ಪರೀಕ್ಷೆ ಮಾಡುವ ಭಾಮೈದ ಕ್ಯಾಮೆರಾ ಕಂಡ ಕೂಡಲೇ ಕಣ್ಣು ಮುಚ್ಚುವವನು. ಆದರೆ ಅದನ್ನು ಹೇಳುವ ಹೊತ್ತು ಅದಾಗಿರಲಿಲ್ಲ.

“ನೋಡಿ, ಸಮುದ್ರಕ್ಕೆ ಹೋದಾಗ ವ್ಯಾನ್ ಹತ್ತುವಾಗ ನಾನೇ ತಲೆ ಎಣಿಸಿದ್ದೆ” ಎಂದ ಅವನು, ದನಿ ತಗ್ಗಿಸಿ. “ಒಳಗೆ ಹತ್ತಿದವರು ಒಂಬತ್ತೇ ಜನ. ಇಲ್ಲಿ ಫೋಟೋ ತೆಗೆದವರನ್ನೂ ಸೇರಿಸಿದ್ರೆ ಹತ್ತು ಜನ ಇದ್ದಾರೆ. ಅಂದ್ರೆ ಇವನು ಹೊರಗಿನವನು. ಬೇರೆ ಗಾಡೀಲಿ ಹಿಂದೆ ಬಂದಿದಾನೆ. ಯಾರೋ ಪತ್ತೇದಾರನನ್ನ ಬಿಟ್ಟಿದಾರೆ ನಮ್ಮ ಹಿಂದೆ.”

“ನಮ್ಮನ್ನ ಹದಿನೆಂಟು ವರ್ಷ ಹಿಂಬಾಲಿಸಿ ಏನು ಪತ್ತೆ ಮಾಡ್ತಾರೋ?” ಎಂದರು ಭಾವನ ಹೆಂಡತಿ. “ನಿಮ್ಮ ಭಾವ ಸೋಪು ಎಲ್ಲಿಡ್ತಾರೆ ಅಂತಲಾ?”

ಅತ್ತೆಗೆ ಬೇರೆಯೇ ಹೊಳೆಯಿತು. “ಕಣ್ಣಲ್ಲಿ ಏನೋ ನೋವಿದೆ ನೋಡೇ. ನಿನ್ನ ಮದುವೆಯಾಗ್ಬೇಕು ಅಂತ ಒಂದು ವರ್ಷ ನಮ್ಮನೆ ಬಾಗಿಲು ಸವೆಸಿದ್ನಲ್ಲ, ಆ ಲೆಕ್ಕದ ಮೇಷ್ಟ್ರು? ಅವನೇ ಇರ್ಬೇಕು. ಪಾಪ, ಇನ್ನೂ ಮರೆತಿಲ್ಲ.”

“ಅಮ್ಮಾ! ಆ ಮೇಷ್ಟ್ರು ನನ್ನ ಭುಜಕ್ಕೆ ಬರ್ತಿದ್ರು. ಇವರು ಎತ್ತರಕ್ಕಿದಾರೆ.”

“ಯಾವ ಲೆಕ್ಕದ ಮೇಷ್ಟ್ರು?” ಎಂದರು ಇಂಡೆಕ್ಸ್ ಭಾವ.

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಸೂಚಿಯಿಂದ ಬಿಟ್ಟುಹೋದ ಒಂದು ಕಡತವಿದೆಯೆಂದು ಅವರಿಗೆ ತಿಳಿದದ್ದು ಆ ಸಂಜೆ. ಹೆಂಡತಿ ನಕ್ಕು ಒಳಗೆ ಹೋದರು. ಆ ನಗು ಅವರನ್ನು ಎರಡು ದಿನ ಕಾಡಿತು. ಮುಖದ ಮೇಲೆ ಹೆಸರು ಬೀಳುವವರೆಗೆ ಬಿಡುವುದಿಲ್ಲವೆಂದು ತೀರ್ಮಾನಿಸಿ, ನಲವತ್ತೊಂದು ಚಿತ್ರಗಳನ್ನೂ ಮುದ್ರಿಸಿ, ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಹಾಕಿ, ದಾರ ಕಟ್ಟಿ ಫೈಲು ಮಾಡಿದರು. ನೀಲಿ ಅಂಗಿಯ ಮುಖವನ್ನು ದೊಡ್ಡದು ಮಾಡಿ, ಕೆಳಗೆ ‘ಇವರು ಯಾರು? ತಿಳಿದವರು ದಯವಿಟ್ಟು ತಿಳಿಸಿ’ ಎಂದು ಬರೆದು, ತಮ್ಮ ಫೋನ್ ನಂಬರು ಹಾಕಿ, ಎದುರು ಮನೆಯ ಟೀಚರಮ್ಮನಿಗೆ ತೋರಿಸಿದರು. ಟೀಚರಮ್ಮ ನಿವೃತ್ತರಾಗಿ ಎಂಟು ವರ್ಷವಾಗಿತ್ತು. ತಪ್ಪು ತಿದ್ದುವ ಚಟಕ್ಕೆ ನಿವೃತ್ತಿ ಸಿಕ್ಕಿರಲಿಲ್ಲ.

“ಇದೇನು, ‘ಇವರು ಯಾರು’ ಅಂತ? ದೊಡ್ಡವರನ್ನ ಹೀಗೆ ಕೇಳ್ತಾರಾ? ಮೇಲೆ ತಲೆಬರಹ ಬೇರೆ ಇಲ್ಲ. ತಲೆಬರಹ ಇಲ್ಲದ ಪ್ರಕಟಣೆಗೆ ನಾನು ಸೊನ್ನೆ ಕೊಡ್ತಿದ್ದೆ. ಇಲ್ಲಿ ಬಿಟ್ಟು ಹೋಗಿ, ಸರಿ ಮಾಡಿ ನಾನೇ ಎಲ್ಲರಿಗೂ ಕಳಿಸ್ತೀನಿ.”

ಸರಿ ಮಾಡಿದರು. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಊರಿನ ಅರ್ಧಕ್ಕೂ ಹೆಚ್ಚು ಫೋನುಗಳಲ್ಲಿ ಆ ಮುಖ, ಅದರ ಮೇಲೆ ದಪ್ಪಕ್ಷರದಲ್ಲಿ ‘ಕಾಣೆಯಾಗಿದ್ದಾರೆ’, ಕೆಳಗೆ ‘ಮನೆಯವರು ಕಂಗಾಲಾಗಿದ್ದಾರೆ’. ಎರಡನೆಯ ಸಾಲು ಭಾವಕ್ಕಾಗಿ ಸೇರಿಸಿದ್ದು ಎಂದು ಟೀಚರಮ್ಮ ಆಮೇಲೆ ವಿವರಿಸಿದರು. ರಸಭಾವ ಎಂಬ ಅರ್ಥದಲ್ಲಿ.

ಫೋನು ಬಡಿದುಕೊಳ್ಳಲು ಶುರುವಾಯಿತು. ಆ ಮನುಷ್ಯನನ್ನು ರೈಲು ನಿಲ್ದಾಣದಲ್ಲಿ ಕಂಡವರಿದ್ದರು, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗ ಕಂಡವರಿದ್ದರು. ಒಬ್ಬಾಕೆ ಏನೂ ಹೇಳದೆ ಐದು ನಿಮಿಷ ಅತ್ತು, “ಧೈರ್ಯ ತಂದ್ಕೊಳ್ಳಿ, ನಮ್ಮ ಚಿಕ್ಕಪ್ಪನೂ ಹೀಗೇ ಹೋಗಿ ವಾಪಸ್ ಬಂದ್ರು” ಎಂದಳು. ಕಚೇರಿಯ ಮೇಲಧಿಕಾರಿ ಖುದ್ದಾಗಿ ಫೋನು ಮಾಡಿ ರಜೆಯನ್ನು ಇನ್ನೊಂದು ವಾರ ವಿಸ್ತರಿಸಿದರು. ಕಾಣೆಯಾಗಿಲ್ಲ ಎಂದು ಹೇಳಿ ಹೇಳಿ ಸುಸ್ತಾದ ಇಂಡೆಕ್ಸ್ ಭಾವ ಮಧ್ಯಾಹ್ನದ ಹೊತ್ತಿಗೆ ಎಲ್ಲರಿಗೂ “ಆಗಲಿ, ಧೈರ್ಯವಾಗಿದ್ದೇವೆ” ಎಂದು ಉತ್ತರಿಸತೊಡಗಿದ್ದರು.

ಮೂರು ಗಂಟೆಗೆ ಪೊಲೀಸ್ ಠಾಣೆಯಿಂದ ಕರೆ ಬಂತು.

“ನಿಮ್ಮವರು ಸಿಕ್ಕಿದಾರೆ” ಎಂದರು ಇನ್ಸ್‌ಪೆಕ್ಟರು. “ಬಂದು ಗುರುತು ಹಿಡಿದು ಕರ್ಕೊಂಡು ಹೋಗಿ. ಬೇಗ ಬನ್ನಿ, ಇಲ್ಲಿ ಗಲಾಟೆ ಆಗ್ತಿದೆ.”

ಭಾವ ಫೈಲು ಕಂಕುಳಲ್ಲಿಟ್ಟುಕೊಂಡು ಹೊರಟರು. ಲೆಕ್ಕದ ಮೇಷ್ಟ್ರು ಅಲ್ಲ ಎಂದು ಸಾಬೀತು ಮಾಡಲು ಹೆಂಡತಿ ಹೊರಟರು. ಹೌದೆಂದು ಸಾಬೀತು ಮಾಡಲು ಅತ್ತೆ ಹೊರಟರು. ಪತ್ತೇದಾರನನ್ನು ನಾಲ್ಕು ಮಾತು ಕೇಳಲು ಭಾಮೈದ ಅಂಗಡಿಯ ಬಾಗಿಲು ಎಳೆದುಕೊಂಡು ಬಂದ.

ಠಾಣೆಯಲ್ಲಿ ಉದ್ದನೆಯ ಬೆಂಚಿನ ಒಂದು ತುದಿಗೆ ಆ ಮನುಷ್ಯ ಕೂತಿದ್ದ. ಅದೇ ಮೀಸೆ, ಈಗ ಪೂರ್ತಿ ಬೆಳ್ಳಗೆ. ಅದೇ ಕೈಕಟ್ಟು. ಇನ್ನೊಂದು ತುದಿಗೆ, ಸಾಧ್ಯವಾದಷ್ಟು ದೂರದಲ್ಲಿ, ಅವನ ಹೆಂಡತಿ ಕೂತಿದ್ದಳು. ಅವಳು ಹೇಳಿದ್ದು ಇಷ್ಟು: ಬೆಳಿಗ್ಗೆ ಗಂಡ ಎದುರಿಗೇ ಕೂತು ತಿಂಡಿ ತಿನ್ನುತ್ತಿದ್ದಾಗ, ಅವನು ಕಾಣೆಯಾಗಿದ್ದಾನೆ, ಮನೆಯವರು ಕಂಗಾಲಾಗಿದ್ದಾರೆ ಎಂದು ಅವಳ ಫೋನಿಗೆ ಬಂತು. ಅವಳು ಕಂಗಾಲಾಗಿರಲಿಲ್ಲ. ಹಾಗಾದರೆ ಕಂಗಾಲಾಗಿರುವ ಆ ಇನ್ನೊಂದು ಮನೆಯವರು ಯಾರು?

“ಅದನ್ನ ಬರ್ಕೊಳ್ಳಿ ಅಂದ್ರೆ ಈ ಸಾಹೇಬರು ಬರ್ಕೊಳ್ತಿಲ್ಲ” ಎಂದಳು.

“ಕಾಣೆಯಾಗಿಲ್ಲ ಅಂತ ಕಂಪ್ಲೇಂಟ್ ಬರ್ಕೊಳ್ಳೋಕೆ ನಮ್ಮಲ್ಲಿ ಫಾರಂ ಇಲ್ಲಮ್ಮ” ಎಂದು ಇನ್ಸ್‌ಪೆಕ್ಟರು ಹಣೆ ಉಜ್ಜಿಕೊಂಡು ಭಾವನ ಕಡೆ ತಿರುಗಿದರು. “ನೀವೇನಾ? ಕೂತ್ಕೊಳ್ಳಿ. ಇವರು ನಿಮಗೆ ಏನಾಗಬೇಕು?”

“ಗೊತ್ತಿಲ್ಲ ಸಾರ್.”

“ಹೆಸರು?”

“ಅದೂ ಗೊತ್ತಿಲ್ಲ.”

“ಯಾವಾಗಿಂದ ಕಾಣ್ತಿಲ್ಲ?”

“ಕಾಣ್ತಿದಾರೆ ಸಾರ್. ಹದಿನೆಂಟು ವರ್ಷದಿಂದ ಕಾಣ್ತಾನೇ ಇದಾರೆ. ಅದೇ ತೊಂದರೆ.”

ಇನ್ಸ್‌ಪೆಕ್ಟರು ಪೆನ್ನಿನ ಮುಚ್ಚಳ ಹಾಕಿದರು. ಮತ್ತೆ ತೆಗೆದರು.

ಅಷ್ಟರಲ್ಲಿ ಬೆಂಚಿನ ಮೇಲಿದ್ದವನು ತಲೆ ಎತ್ತಿ ನೋಡಿ, ಮುಖ ಅರಳಿಸಿಕೊಂಡು ಎದ್ದುಬಿಟ್ಟ. “ಅಯ್ಯೋ, ನೀವಾ? ನಮಸ್ಕಾರ ಭಾವ. ಅಮ್ಮಾ, ಮೊಣಕಾಲು ಹೇಗಿದೆ? ಮೆಟ್ಟಿಲು ಹತ್ತೋವಾಗ ಈಗ್ಲೂ ಬಲಗಾಲೇ ಮೊದಲು ಇಡ್ತೀರಾ?”

“ನೋಡಿದ್ರಾ ಸಾಹೇಬ್ರೇ!” ಎಂದು ಅವನ ಹೆಂಡತಿ ಬೆಂಚಿನ ಆ ತುದಿಯಿಂದ ಎದ್ದಳು. “ಇವರಿಗೆ ಅವರು ಭಾವ ಅಂತೆ! ಆಯಮ್ಮನ ಮೊಣಕಾಲು ಸಹಿತ ಗೊತ್ತು! ನನ್ನ ಬೆನ್ನುನೋವು ಮೂರು ತಿಂಗಳಿಂದ, ಒಂದಿನ ಕೇಳಿಲ್ಲ!”

“ನೀನ್ಯಾರಪ್ಪ?” ಎಂದರು ಅತ್ತೆ.

ಆ ಮನುಷ್ಯ ನಕ್ಕ. ಯಾರೂ ಜೊತೆಗೆ ನಗಲಿಲ್ಲ. ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. “ತಮಾಷೆ ಮಾಡ್ತಿದೀರಾ ಅಮ್ಮ?” ಎಂದು ಭಾಮೈದನ ಕಡೆ ತಿರುಗಿದ. “ಸಣ್ಣೋರೇ, ನೀವಾದ್ರೂ ಹೇಳಿ. ಘಾಟಿ ತಿರುವು ಬಂತು ಅಂದ್ರೆ ನೀವು ಕಣ್ಮುಚ್ಚಿ ನಿಂಬೆಹಣ್ಣು ಮೂಸ್ತೀರಿ. ಭಾವ ಎರಡು ಸಲ ಇಳಿದು ಬಾಗಿಲು ಹಾಕಿದೆಯಾ ಅಂತ ನೋಡ್ತಾರೆ. ಅಕ್ಕ ಕಿಟಕಿ ಪಕ್ಕ ಬಿಟ್ಟು ಕೂರಲ್ಲ. ನಾನು ಗೊತ್ತಿಲ್ವಾ?”

“ಇಷ್ಟೆಲ್ಲ ಗೊತ್ತು ಅಂದ್ಮೇಲೆ ಪತ್ತೇದಾರನೇ” ಎಂದು ಭಾಮೈದ ಪಿಸುಗುಟ್ಟಿದ.

ಆ ಮನುಷ್ಯನ ಕೆಲಸವೇನೆಂದು ಇನ್ಸ್‌ಪೆಕ್ಟರು ಕೇಳಿದ್ದರೆ ಅಲ್ಲೇ ಬಗೆಹರಿಯುತ್ತಿತ್ತು. ಆದರೆ ಅವರಿನ್ನೂ ಫಾರಮಿನ ನಾಲ್ಕನೆಯ ಕಲಮಿನಲ್ಲಿದ್ದರು. ಉದ್ಯೋಗ ಬರುವುದು ಒಂಬತ್ತನೆಯದರಲ್ಲಿ.

ಆ ಮನುಷ್ಯನ ಮುಖ ಸಣ್ಣದಾಯಿತು. “ಹೋಗ್ಲಿ ಬಿಡಿ” ಎಂದ ಮೆಲ್ಲಗೆ. “ನಂದೇ ತಪ್ಪು. ನಾನೇ ಏನೋ ಮನೆಯವರ ಥರ ಅಂದ್ಕೊಂಡಿದ್ದೆ.” ಎಂದು ತಿರುಗಿ ಕಿಟಕಿಯ ಕಡೆ ಮುಖ ಮಾಡಿ ನಿಂತ.

ನಿಂತ ಕೂಡಲೇ ಬೆನ್ನು ಕಾಣಿಸಿತು. ಸ್ವಲ್ಪ ಚಾಚಿಕೊಂಡ ಎರಡು ಕಿವಿ, ಅವುಗಳ ನಡುವೆ ನೀಟಾಗಿ ಕತ್ತರಿಸಿದ ಕೂದಲು, ಕೂದಲಿನ ಕೆಳಗೆ ಕುತ್ತಿಗೆಯ ಮೇಲೆ ಹುರಿಗಡಲೆಯಷ್ಟು ದೊಡ್ಡ ಮಚ್ಚೆ, ಮಚ್ಚೆಯ ಕೆಳಗೆ ಒಳಕ್ಕೆ ಮಡಚಿದ ಕಾಲರು.

“ಡ್ರೈವರ್ರು!” ಎಂದು ನಾಲ್ಕೂ ಜನ ಒಟ್ಟಿಗೆ ಕೂಗಿದ ರಭಸಕ್ಕೆ ಹೊರಗೆ ನಿಂತಿದ್ದ ಪೇದೆ ಒಳಗೆ ಓಡಿ ಬಂದ.

ಹದಿನೆಂಟು ವರ್ಷ ಎಲ್ಲಿಗೇ ಹೋಗಲಿ ಅದೇ ಬಾಡಿಗೆ ವ್ಯಾನು, ಅದೇ ಡ್ರೈವರು. ಹಾರನ್ ಕೇಳಿ ಇವರು ಪಕ್ಕದ ಬಾಗಿಲಿನಿಂದ ಹತ್ತಿ ಹಿಂದೆ ಕೂತರೆ, ಇಳಿಯುವವರೆಗೆ ಕಂಡದ್ದು ಆ ಮಚ್ಚೆ, ಆ ಕಿವಿ. ಇಳಿದ ಮೇಲೆ ಅವನ ಕಡೆ ತಿರುಗಿ ನೋಡಿದವರು ಯಾರೂ ಇರಲಿಲ್ಲ. ಅವನು ಮಾತ್ರ ಕನ್ನಡಿಯಲ್ಲಿ ಇವರನ್ನೆಲ್ಲ ನೋಡುತ್ತ ಬಂದಿದ್ದ. ಇವರು ಜಗಳವಾಡಿದ್ದು, ಮಾತು ಬಿಟ್ಟದ್ದು, ರಾಜಿಯಾದದ್ದು, ಆಪರೇಷನ್ನಿಗೆ ಹೋಗುವ ದಾರಿಯಲ್ಲಿ ಅತ್ತೆ ಯಾರಿಗೂ ಕಾಣದಂತೆ ಕಣ್ಣೊರೆಸಿಕೊಂಡದ್ದು, ಎಲ್ಲವೂ ಆ ಅಂಗೈ ಅಗಲದ ಕನ್ನಡಿಯಲ್ಲಿ ಹಾದುಹೋಗಿತ್ತು.

“ಒಳಗೆ ಒಂಬತ್ತು ಜನ ಅಂತ ಎಣಿಸಿದ್ರಿ” ಎಂದರು ಇನ್ಸ್‌ಪೆಕ್ಟರು, ಎಲ್ಲ ಕೇಳಿದ ಮೇಲೆ, ಭಾಮೈದನಿಗೆ. “ಗಾಡಿ ಯಾರು ಓಡಿಸ್ತಿದಾರೆ ಅಂತ ಯೋಚನೆ ಮಾಡ್ಲಿಲ್ಲ. ನಿಮ್ಮದು ಏನು ಕೆಲಸ?”

“ಕನ್ನಡಕದ ಅಂಗಡಿ ಸಾರ್.”

ಇನ್ಸ್‌ಪೆಕ್ಟರು ತಮ್ಮ ಮೂಗಿನ ಮೇಲಿದ್ದ ಕನ್ನಡಕ ತೆಗೆದು, ತಿರುಗಿಸಿ ನೋಡಿ, ಎಲ್ಲಿ ಕೊಂಡದ್ದೆಂದು ನೆನಪಿಸಿಕೊಂಡು ಮೇಜಿನ ಮೇಲಿಟ್ಟರು.

ಇಂಡೆಕ್ಸ್ ಭಾವ ಹತ್ತಿರ ಹೋದರು. ಕಂಕುಳಲ್ಲಿದ್ದ ಫೈಲನ್ನು ಅವನ ಕೈಗೆ ಕೊಟ್ಟರು.

ಡ್ರೈವರು ದಾರ ಬಿಚ್ಚಿ ಒಂದನೆಯ ಹಾಳೆ ನೋಡಿದ. ಎರಡನೆಯದು ನೋಡಿದ. ಬೆಂಚಿನ ಮೇಲೆ ಕೂತ. “ಇದು ನಾನು” ಎಂದ. “ಬಾರೇ ಇಲ್ಲಿ, ನೋಡೇ. ಇದು ನಾನು!”

ಅವಳು ಬರಲೋ ಬೇಡವೋ ಎಂದು ನಿಂತು, ಆಮೇಲೆ ಬೆಂಚಿನ ಮೇಲೆ ಕೂತು, ಸರಿಯುತ್ತ ಸರಿಯುತ್ತ ಬಂದಳು. ಅವರಿಬ್ಬರ ಮದುವೆಯ ಫೋಟೋಗಳು ಮನೆ ಬದಲಾಯಿಸುವಾಗ ನೀರು ಬಿದ್ದು ಹಾಳಾಗಿದ್ದವು. ಅದು ಬಿಟ್ಟರೆ ಅವನ ಮುಖವಿದ್ದದ್ದು ಲೈಸೆನ್ಸಿನ ಮೇಲೊಂದೇ, ಅದರಲ್ಲಿ ಅವನು ಕಳ್ಳನ ಹಾಗೆ ಕಾಣುತ್ತಿದ್ದ.

“ಇಷ್ಟೊಂದು ಕೂದಲಿತ್ತಾ ನಿಮಗೆ?”

“ಇತ್ತಲ್ಲ! ನಿಂಗೆ ನೆನಪಿಲ್ವಾ?”

“ನೆನಪಿದೆ. ನಂಬಿಕೆ ಹೋಗಿತ್ತು.” ಅವಳು ಹಾಳೆ ತಿರುವಿದಳು. “ಈ ಅಂಗಿ ನಾನು ಹೊಲಿದದ್ದು. ಇದೂ ನಾನೇ. ಇಲ್ಲಿ ಯಾಕೆ ಇಷ್ಟು ಸೊರಗಿದೀರಿ? ಓ, ಇದು ಆ ಜ್ವರ ಬಂದ ವರ್ಷ.” ಪೇದೆ ಕೂಡ ಬಗ್ಗಿ ನೋಡುತ್ತಿದ್ದ. ಇಪ್ಪತ್ತೊಂಬತ್ತನೆಯ ಹಾಳೆಗೆ ಬಂದಾಗ ಅವಳ ಕೈ ನಿಂತಿತು.

“ಇದು ನನ್ನ ಕೊಡೆ!”

ಜಿನುಗುವ ಮಳೆಯಲ್ಲಿ ಪಾರ್ಕಿನ ಮುಂದೆ ನಿಂತ ಅತ್ತೆಯ ಕೈಯಲ್ಲಿ ಹಸಿರು ಕೊಡೆಯೊಂದಿತ್ತು. ಹಿಡಿಕೆ ಮರದ್ದು, ತುದಿಗೆ ಗಿಳಿಯ ಮೂತಿ.

“ನಮ್ಮಮ್ಮ ಕೊಟ್ಟಿದ್ದು! ಎಂಟು ವರ್ಷದ ಹಿಂದೆ ಕಳೆದುಹೋಯ್ತು ಅಂದ್ರಿ ನೀವು!”

“ಅಮ್ಮ ನೆನೀತಿದ್ರು ಕಣೇ” ಎಂದ ಡ್ರೈವರು ನೆಲ ನೋಡುತ್ತ. “ಕೊಟ್ಟೆ. ಅವರು ಹಿಡ್ಕೊಂಡೇ ಮನೆಗೆ ಹೋದ್ರು. ವಾಪಸ್ ಕೊಡಿ ಅನ್ನೋಕೆ ಬಾಯಿ ಬರ್ಲಿಲ್ಲ.”

“ಅದು ನಂದೇ ಕೊಡೆ” ಎಂದರು ಅತ್ತೆ ದೃಢವಾಗಿ. “ಎಂಟು ವರ್ಷದಿಂದ ನಂದೇ.”

ಇನ್ಸ್‌ಪೆಕ್ಟರ ಕಣ್ಣು ಮಿನುಗಿತು. ಬೆಳಗಿನಿಂದ ಮೊದಲ ಸಲ, ಫಾರಂ ಇರುವ ಒಂದು ದೂರು ಅವರ ಎದುರಿಗೆ ಬಂದಿತ್ತು. ಅವರು ಡ್ರಾಯರಿಗೆ ಕೈ ಹಾಕುವ ಮೊದಲೇ ಭಾವನ ಹೆಂಡತಿ ತಾಯಿಯ ತೋಳು ಹಿಡಿದು ಹೊರಗೆ ನಡೆಸಿಕೊಂಡು ಹೋದರು.

ಮುಂದಿನ ಭಾನುವಾರ ನಾಲ್ಕು ಗಂಟೆಗೆ ಅವರೆಲ್ಲ ಡ್ರೈವರ ಮನೆಗೆ ಹೋದರು. ಎರಡು ಕೋಣೆಯ ಅಚ್ಚುಕಟ್ಟಾದ ಮನೆ, ಕಿಟಕಿಯ ಬಳಿ ಹೊಲಿಗೆ ಯಂತ್ರ. ಗೋಡೆಯ ಮೇಲೆ ಆಗಲೇ ಐದು ಫೋಟೋಗಳು ಏರಿದ್ದವು. ಡ್ರೈವರೊಬ್ಬನನ್ನೇ ಉಳಿಸಿ ಅವಳು ಕತ್ತರಿಯಲ್ಲಿ ಮಿಕ್ಕವರನ್ನೆಲ್ಲ ಕತ್ತರಿಸಿ ತೆಗೆದಿದ್ದಳು. ಜಲಪಾತದ ಚಿತ್ರದಲ್ಲಿ ಭಾಮೈದನ ಮೊಣಕೈಯಷ್ಟೇ ಉಳಿದಿತ್ತು. ಭಾಮೈದ ಅದನ್ನು ನೋಡಿದ, ಆಮೇಲೆ ಅವಳು ಸೂಜಿಗೆ ದಾರ ಪೋಣಿಸಲು ಒದ್ದಾಡುವುದನ್ನು ಕಂಡು ಅಂಗಡಿಗೆ ಬರಲು ಹೇಳಿದ. ಅತ್ತೆ ಕೊಡೆಯನ್ನು ಒರೆಸಿ, ಗಿಳಿಯ ಮೂತಿಗೆ ಎಣ್ಣೆ ಹಚ್ಚಿ, ಹೊಸ ಕಾಗದದಲ್ಲಿ ಸುತ್ತಿ ತಂದಿದ್ದರು. ಕೊಡುವಾಗ, “ಕಡ್ಡಿಯೊಂದು ಮುರಿದಿತ್ತು, ನಾನೇ ಸರಿ ಮಾಡಿಸಿದೀನಿ” ಎಂದು ಎರಡು ಸಲ ಹೇಳಿದರು.

ಕಾಫಿಯಾಯಿತು, ಬಿಸ್ಕತ್ತಾಯಿತು. ಡ್ರೈವರು ಮೊಟ್ಟಮೊದಲ ಸಲ ಅವರ ಎದುರಿಗೆ ಕೂತು ಮಾತಾಡಿದ. ಬಾಯಿ ತೆರೆದರೆ ನಿಲ್ಲದವನೆಂದು ತಿಳಿದದ್ದೂ ಆಗಲೇ. ಇಂಡೆಕ್ಸ್ ಭಾವ ಹದಿನೆಂಟು ವರ್ಷದ ಒಂದೊಂದು ಪ್ರವಾಸದ ತಾರೀಕನ್ನೂ ಅವನ ಬಾಯಿಂದ ಕೇಳಿ ಕೇಳಿ ಬರೆದುಕೊಂಡರು. ಅವರ ಫೈಲಿನಲ್ಲಿ ಆರು ತಪ್ಪಾಗಿದ್ದವು.

ಹೊರಡುವ ಹೊತ್ತಿಗೆ ಹನಿ ಬಿತ್ತು. ಅತ್ತೆ ಬಾಗಿಲಲ್ಲಿ ನಿಂತು ಆಕಾಶ ನೋಡಿದರು, ಮೊಣಕಾಲು ನೋಡಿಕೊಂಡರು, ಯಾವುದೂ ಬೇಡದವರ ಹಾಗೆ ಸೆರಗು ತಲೆಗೆ ಎಳೆದುಕೊಂಡರು. ಡ್ರೈವರ ಹೆಂಡತಿ ಒಳಗೆ ಹೋಗಿ ಬಂದು ಕೊಡೆಯನ್ನು ಅವರ ಕೈಗಿಟ್ಟಳು.

“ಹಿಡ್ಕೊಂಡು ಹೋಗಿ. ಆದ್ರೆ ಮುಂದಿನ ಭಾನುವಾರ ವಾಪಸ್ ಬರ್ಬೇಕು.”

“ಕೊಡೆ ತಾನೆ? ಇವರ ಕೈಲಿ ಕಳಿಸ್ತೀನಿ.”

“ಕೊಡೆ ಒಂದೇ ಬಂದ್ರೆ ನಾನು ಬಾಗಿಲು ತೆಗೆಯಲ್ಲ” ಎಂದಳು ಅವಳು.